ಕಷ್ಟ ನನ್ನನ್ನು ಕಹಿ ಮಾಡಿತೇ?

ಪ್ರಶ್ನೆ: ಎರಡು ವರ್ಷದಲ್ಲಿ ಕೆಲಸ ಹೋಯಿತು, ಅಪ್ಪ ತೀರಿಕೊಂಡರು. ನಗುನಗುತ್ತಾ ಇದ್ದವಳು ಈಗ ಯಾರನ್ನೂ ನಂಬುವುದಿಲ್ಲ. ಕಷ್ಟ ಮನುಷ್ಯರನ್ನು ಗಟ್ಟಿ ಮಾಡುತ್ತದೆ ಅಂತಾರೆ. ನಾನ್ಯಾಕೆ ಹೀಗಾದೆ?

ಉತ್ತರ: ಆ ಮಾತನ್ನು ನಾನು ಒಪ್ಪುವುದಿಲ್ಲ. ಕಷ್ಟ ತಾನಾಗಿಯೇ ಯಾರನ್ನೂ ಗಟ್ಟಿ ಮಾಡುವುದಿಲ್ಲ. ಪೆಟ್ಟು ತಿಂದ ಮನಸ್ಸು ಮುದುಡಿಕೊಳ್ಳುತ್ತದೆ, ಅಷ್ಟೇ. ಅದು ನಿಮ್ಮ ಗುಣ ಕೆಟ್ಟಿತು ಅಂತಲ್ಲ. 1990ರ ದಶಕದಲ್ಲಿ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಅಧ್ಯಯನ ಮಾಡಿದರು. ಬೆಳವಣಿಗೆ ಬರುವುದು ಪೆಟ್ಟಿನಿಂದಲ್ಲ, ಆಮೇಲೆ ಅದರ ಜೊತೆ ನಾವು ನಡೆಸುವ ಗುದ್ದಾಟದಿಂದ, ಮತ್ತು ನೋವು ಹೋಗದೆ ಇದ್ದರೂ ಅದರ ಪಕ್ಕದಲ್ಲೇ ಬೆಳವಣಿಗೆ ಆಗಬಹುದು ಅನ್ನುವುದು ಅವರ ಮಾತು.

ಕಷ್ಟ ತಾನಾಗಿಯೇ ಗಟ್ಟಿ ಮಾಡದ ಹಾಗೆ, ಅದೃಷ್ಟವೂ ತಾನಾಗಿಯೇ ಖುಷಿ ಕೊಡುವುದಿಲ್ಲ. 1978ರ ಒಂದು ಅಧ್ಯಯನದಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದ್ದರು. ಅವರು ಬೇರೆಯವರಿಗಿಂತ ಜಾಸ್ತಿ ಖುಷಿಯಾಗೇನೂ ಇರಲಿಲ್ಲ, ದಿನನಿತ್ಯದ ಸಣ್ಣ ಸಂತೋಷಗಳು ಅವರಿಗೆ ಸಪ್ಪೆಯಾಗಿದ್ದವು.

ನಿಮಗೆ ಈಗ ಬೇಕಿರುವುದು ಹತ್ತಿರದವರ ಪ್ರೀತಿ ಅನ್ನಿಸುತ್ತದೆ. ಎಲ್ಲರನ್ನೂ ನಂಬಬೇಕಿಲ್ಲ. ಬುದ್ಧಿ ಹೇಳದೆ ಸುಮ್ನೆ ಕೇಳಿಸಿಕೊಳ್ಳುವ ಒಬ್ಬರು ಇದ್ದಾರಾ? ಅವರ ಹತ್ತಿರ ಅಪ್ಪನ ಬಗ್ಗೆ ಮಾತಾಡಿ, ಅಳು ಬಂದರೆ ಅತ್ತುಬಿಡಿ. ನಿದ್ದೆ, ಊಟ ಕೆಟ್ಟಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ತಡ ಮಾಡಬೇಡಿ.