ಎರಡು ಸಲ ಬದಲಾಯಿಸಿದರೂ ಹ್ಯಾಂಡ್‌ಬ್ರೇಕ್ ಕೇಬಲ್ ಮತ್ತೆ ಜಾಮ್

ಪ್ರಶ್ನೆ: ನಮ್ಮ ಮನೆ ಮರವಂತೆ ಹತ್ತಿರ, ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. 2015ರ ಸಣ್ಣ ಕಾರು, ಹಿಂದೆ ಡ್ರಮ್ ಬ್ರೇಕ್. ಮೂರು ವರ್ಷದಲ್ಲಿ ಎಡಗಡೆಯ ಹ್ಯಾಂಡ್‌ಬ್ರೇಕ್ ಕೇಬಲ್ ಎರಡು ಸಲ ಹೊಸದು ಹಾಕಿಸಿದೆವು. ಮಳೆಗಾಲ ಮುಗಿಯುವುದರೊಳಗೆ ಮತ್ತೆ ಜಾಮ್. ಲಿವರ್ ಇಳಿಸಿದರೂ ಚಕ್ರ ಪೂರ್ತಿ ಬಿಡುವುದಿಲ್ಲ, ಸ್ವಲ್ಪ ದೂರ ಹೋದರೆ ಸುಟ್ಟ ವಾಸನೆ. “ಕಡಲ ಬದಿ ಇದು ಇದ್ದದ್ದೇ, ಹ್ಯಾಂಡ್‌ಬ್ರೇಕ್ ಎಳೆಯಲೇಬೇಡಿ, ಗೇರಿನಲ್ಲಿ ನಿಲ್ಲಿಸಿ” ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ನಮ್ಮ ಅಂಗಳ ಇಳಿಜಾರು, ಮಕ್ಕಳು ಅಲ್ಲೇ ಆಡುತ್ತಾರೆ. ಏನು ಮಾಡಲಿ?

ಉತ್ತರ: ಸುಟ್ಟ ವಾಸನೆ ಬರುತ್ತಿದ್ದರೆ ಮೊದಲು ಆ ಕಾರು ಓಡಿಸುವುದನ್ನು ನಿಲ್ಲಿಸಿ. ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ಹಿಡಿಯುವ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇದ್ದರೆ ಆ ಬಿಸಿ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿ ಹಳತಾದರೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಕಾಲಿನ ಬ್ರೇಕೂ ಕೈಕೊಡುತ್ತದೆ.

ಈಗ ಕೇಬಲ್ ವಿಷಯ. ಬಲಗಡೆಯ ಕೇಬಲ್ ಕೂಡ ಅದೇ ಮಳೆ, ಅದೇ ಉಪ್ಪುಗಾಳಿಯಲ್ಲೇ ಇದೆ. ಅದು ಚೆನ್ನಾಗಿದ್ದು ಎಡಗಡೆಯದೇ ಮತ್ತೆ ಮತ್ತೆ ಕೆಡುತ್ತಿದ್ದರೆ ಕಡಲನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಎಡಗಡೆ ಏನೋ ಬೇರೆ ಇದೆ. ಅದನ್ನು ಹುಡುಕದೆ ಮೂರನೆಯ ಕೇಬಲ್ ಹಾಕಿಸಬೇಡಿ.

ಹುಡುಕುವುದು ಕಷ್ಟವಲ್ಲ. ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಲಿ. ಬರೀ ಜಾಕ್ ನಂಬಿ ಯಾರೂ ಕಾರಿನಡಿ ಹೋಗಬಾರದು. ಲಿವರ್ ಪೂರ್ತಿ ಇಳಿಸಿ, ಡ್ರಮ್ ಬಿಚ್ಚಿ, ಶೂ ಮೇಲಿನ ಸಣ್ಣ ಲಿವರ್‌ನಿಂದ ಕೇಬಲ್ ತುದಿ ಕಳಚಲಿ. ಇನ್ನೊಂದು ತುದಿಯನ್ನೂ ಬಿಡಿಸಿ ಒಳಗಿನ ತಂತಿಯನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದು ನೋಡಲಿ. ಸರಾಗವಾಗಿ ಜಾರಿದರೆ ಕೇಬಲ್ ನಿರಪರಾಧಿ. ಆಮೇಲೆ ಆ ಸಣ್ಣ ಲಿವರ್ ಅನ್ನು ಬೆರಳಲ್ಲಿ ಆಡಿಸಲಿ. ಅದು ಶೂಗೆ ಒಂದು ಪಿನ್ ಮೇಲೆ ಕೂತಿರುತ್ತದೆ. ಪಿನ್ ತುಕ್ಕು ಹಿಡಿದರೆ ಎಳೆದಾಗ ಬರುತ್ತದೆ, ಬಿಟ್ಟಾಗ ವಾಪಸ್ ಹೋಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಕೇಬಲ್ ಜಾಮ್ ಆದಂತೆಯೇ ಕಾಣುತ್ತದೆ. ಶೂ ವಾಪಸ್ ಎಳೆಯುವ ಸ್ಪ್ರಿಂಗ್ ಸೋತಿದ್ದರೂ ಇದೇ ಲಕ್ಷಣ. ನಿಮ್ಮ ಮೊದಲ ಎರಡು ಕೇಬಲ್‌ಗಳಲ್ಲಿ ಒಂದಾದರೂ ಸುಮ್ಮನೆ ಗುಜರಿಗೆ ಹೋಗಿರಬಹುದು ಎಂಬ ಅನುಮಾನ ನನಗಿದೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಶ್ವಾಸಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಹಾಕಿ ಒದ್ದೆಯಾಗಿಯೇ ಒರೆಸಿ ತೆಗೆಯಲಿ.

ತಂತಿ ನಿಜವಾಗಿಯೂ ಬಿಗಿಯಾಗಿದ್ದರೆ ನೀರು ಒಳಗೆ ಹೋದ ದಾರಿ ಹುಡುಕಬೇಕು. ಕೇಬಲ್ಲಿನ ಹೊರಕವಚ ಎಂದರೆ ಉಕ್ಕಿನ ಸುರುಳಿ, ಅದರ ಮೇಲೆ ಪ್ಲಾಸ್ಟಿಕ್ ಚರ್ಮ. ಚರ್ಮ ಒಂದು ಕಡೆ ಸವೆದರೂ ಸಾಕು, ಮಳೆನೀರು ನುಗ್ಗಿ ಕೇಬಲ್ ತಗ್ಗಿ ಬಾಗಿದ ಜಾಗದಲ್ಲಿ ನಿಲ್ಲುತ್ತದೆ. ಸುರುಳಿ ತುಕ್ಕು ಹಿಡಿದು ಉಬ್ಬುತ್ತದೆ, ತಂತಿ ಸಿಕ್ಕಿಕೊಳ್ಳುತ್ತದೆ. ಹಳೆಯ ಕೇಬಲ್ ಬಿಸಾಡದಿದ್ದರೆ ಉದ್ದಕ್ಕೂ ಬೆರಳಾಡಿಸಿ ನೋಡಿ. ಉಬ್ಬಿದ ಜಾಗ ಕೈಗೇ ಸಿಗುತ್ತದೆ. ಕಾರಿನಡಿ ಅದೇ ಜಾಗದಲ್ಲಿ ಏನಿದೆ? ಹಿಂದಿನ ಸಲ ಹಾಕದೇ ಬಿಟ್ಟ ಕ್ಲಿಪ್ಪೇ, ಉಜ್ಜುತ್ತಿರುವ ಆಕ್ಸಲ್ಲೇ, ಸೈಲೆನ್ಸರಿನ ಶಾಖವೇ? ಕೇಬಲ್ ತುದಿಯನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿರುವುದೂ ಉಂಟು.

ಕೇಬಲ್ಲಿನೊಳಗೆ ಆಯಿಲ್ ಬಿಟ್ಟರೆ ಸಾಕೇ ಎಂದು ಹಲವರು ಕೇಳುತ್ತಾರೆ. ತುಕ್ಕು ಬಿಡಿಸುವ ಸ್ಪ್ರೇಯಿಂದ ಕೆಲವು ದಿನ ಸಡಿಲವಾಗಬಹುದು, ಉಬ್ಬಿದ ಕವಚ ಮಾತ್ರ ಇಳಿಯುವುದಿಲ್ಲ. ಆ ಸ್ಪ್ರೇ ಇಳಿದು ಶೂಗೆ ತಾಗಿದರೆ ಬ್ರೇಕೇ ಹಿಡಿಯದು. ಜಾಮ್ ಆದ ಕೇಬಲ್‌ಗೆ ಬದಲಾಯಿಸುವುದೊಂದೇ ದಾರಿ, ಕ್ಲಿಪ್ ಮತ್ತು ಬೂಟ್ ಸಮೇತ. ಹೊಸದು ಕೂರಿಸುವಾಗ ಮೊದಲು ಶೂ ಅಡ್ಜಸ್ಟ್, ಆಮೇಲೆ ಕೇಬಲ್. ಸವೆದ ಶೂ ಬಿಟ್ಟು ಕೇಬಲ್ ಮಾತ್ರ ಬಿಗಿ ಮಾಡಿದರೆ ಚಕ್ರ ಸದಾ ಹಿಡಿದುಕೊಂಡೇ ಇರುತ್ತದೆ. ಲಿವರ್ ಎಳೆದಾಗ ಎಷ್ಟು ಕ್ಲಿಕ್ ಇರಬೇಕೆಂದು ಕಾರಿನ ಕೈಪಿಡಿಯಲ್ಲಿದೆ.

“ಎಳೆಯಲೇಬೇಡಿ” ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆಡದ ತಂತಿ ಇನ್ನೂ ಬೇಗ ಕಚ್ಚಿಕೊಳ್ಳುತ್ತದೆ. ಸರಿಯಾದ ಕೇಬಲ್ ಇದ್ದರೆ ದಿನವೂ ಎಳೆಯಿರಿ. ನೀರು ತುಂಬಿದ ರಸ್ತೆ ದಾಟಿ ಬಂದ ದಿನ, ಹಿಂದೆ ವಾಹನ ಇಲ್ಲದಾಗ ಮನೆಗೆ ಮುಂಚಿನ ಸ್ವಲ್ಪ ದೂರ ಕಾಲಿನ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಟ್ಟು ಮಾಡಿ ಡ್ರಮ್ ಒಣಗಿಸಿ. ಹಾಗೇ ಒದ್ದೆಯಾಗಿ ನಿಲ್ಲಿಸಿದರೆ ಬೆಳಗ್ಗೆ ಶೂ ಡ್ರಮ್ಮಿಗೆ ಅಂಟಿರುತ್ತದೆ. ಹೊರಡುವಾಗ “ಟಕ್” ಎಂದು ಬಿಟ್ಟರೆ ಅದು ಈ ಅಂಟು, ಕೇಬಲ್ ದೋಷವಲ್ಲ. ಕಾರನ್ನು ವಾರಗಟ್ಟಲೆ ಬಿಟ್ಟು ಹೋಗುವಾಗ ಮಾತ್ರ, ಅದೂ ಸಮತಟ್ಟು ಜಾಗದಲ್ಲಿ, ಗೇರು ಮತ್ತು ಕಲ್ಲು ಸಾಕು.

ರಿಪೇರಿ ಆಗುವವರೆಗೆ ದಯವಿಟ್ಟು ಆ ಅಂಗಳದಲ್ಲಿ ಕಾರು ನಿಲ್ಲಿಸಬೇಡಿ. ಬರೀ ಗೇರನ್ನು ನಂಬಿದರೆ, ಯಾರೋ ಕುತೂಹಲಕ್ಕೆ ಅದನ್ನು ನ್ಯೂಟ್ರಲ್‌ಗೆ ತಳ್ಳಿದ ಕ್ಷಣ ಕಾರು ಹೊರಟುಬಿಡುತ್ತದೆ. ರಿಪೇರಿ ಆದ ಮೇಲೂ ಇಳಿಜಾರಿನಲ್ಲಿ ಈ ಕ್ರಮ ಇರಲಿ: ಕಾಲಿನ ಬ್ರೇಕ್ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಬಿಟ್ಟು ಕಾರು ಅದರ ಮೇಲೇ ನಿಂತಿತೇ ನೋಡಿ, ಎಂಜಿನ್ ಆರಿಸಿ ಗೇರಿಗೆ ಹಾಕಿ, ಕೀಲಿ ತೆಗೆದುಕೊಳ್ಳಿ. ಇಳಿದ ಮೇಲೆ ಚಕ್ರದ ತಗ್ಗಿನ ಕಡೆಗೆ ಒಂದು ತುಂಡು ಮುರಕಲ್ಲು ಇಡಿ.