‘ಎಕ್ಸ್‌ಮಸ್’ ಎಂದು ಬರೆದರೆ ಕ್ರಿಸ್ತನ ಹೆಸರು ಅಳಿಯುತ್ತದೆಯೇ?

ಮಾನ್ಯರೇ,

ಡಿಸೆಂಬರ್ ಸಂಚಿಕೆಯ ಊರ ಸುದ್ದಿ ಪುಟದಲ್ಲಿ ಇಗರ್ಜಿಯೊಂದರ ಯುವಕರು ಕಳುಹಿಸಿದ್ದ ಕ್ರಿಸ್‌ಮಸ್ ಹಬ್ಬದ ‘ಎಕ್ಸ್‌ಮಸ್ ಗೀತ ಗಾಯನ ಸ್ಪರ್ಧೆ’ಯ ಪ್ರಕಟಣೆಯನ್ನು ಓದಿ ತಾವು ಕಾರವಾರದಿಂದ ಬರೆದ ಪತ್ರ ತಲುಪಿದೆ. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಇಡುವ ಅಕ್ಷರವನ್ನು, ಲೆಕ್ಕ ತಪ್ಪಿದಾಗ ಮಕ್ಕಳ ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ ಎಳೆಯುವ ಗುರುತನ್ನು, ಪ್ರಭುವಿನ ಹೆಸರಿರಬೇಕಾದ ಜಾಗದಲ್ಲಿ ತಂದಿಟ್ಟದ್ದು ಹಬ್ಬಕ್ಕೆ ಮಾಡಿದ ಅವಮಾನ ಎಂದು ತಾವು ಬರೆದಿದ್ದೀರಿ. ಚೌತಿಯನ್ನೋ ದೀಪಾವಳಿಯನ್ನೋ ಹೀಗೆ ಮೊಟಕು ಮಾಡುವ ಧೈರ್ಯ ಪತ್ರಿಕೆಗೆ ಇದೆಯೇ ಎಂದೂ ಕೇಳಿದ್ದೀರಿ. ಮುಂದೆ ಈ ಪದವನ್ನು ಯಾರೇ ಬರೆದು ಕಳುಹಿಸಿದರೂ ತಿದ್ದಿ ಅಚ್ಚು ಮಾಡಬೇಕೆಂಬುದು ತಮ್ಮ ಬೇಡಿಕೆ. ಇದೇ ಪ್ರಕಟಣೆಯ ಬಗ್ಗೆ ಶಿರಸಿಯಿಂದ ಇನ್ನೊಂದು ಪತ್ರ ಬಂದಿದ್ದು, ಮೊಬೈಲಿನಲ್ಲಿ ಎಲ್ಲರೂ ಹೀಗೆಯೇ ಬರೆಯುತ್ತಾರೆ, ಹಿರಿಯರು ಇದನ್ನು ದೊಡ್ಡದು ಮಾಡುವುದು ಬೇಡ ಎಂದು ಆ ಯುವ ಓದುಗರು ಹೇಳಿದ್ದಾರೆ. ಹಬ್ಬದ ಹೆಸರನ್ನು ಮನಸ್ಸಿಗೆ ಹಚ್ಚಿಕೊಂಡು ತಾವು ಬರೆದದ್ದಕ್ಕೆ ಒಂದು ಸಾಲಿನ ಉತ್ತರ ಸಾಲದು ಎಂದು ಇದನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಅಕ್ಷರದ ವಿಷಯ. ಇಂಗ್ಲಿಷಿನಲ್ಲಿ ಈ ಹೆಸರನ್ನು Xmas ಎಂದು ಬರೆಯುವಾಗ ಮೊದಲಿಗೆ ಬರುವುದು ನೋಡಲು ಎಕ್ಸ್‌ನಂತೆಯೇ ಇದ್ದರೂ ಮೂಲದಲ್ಲಿ ಇಂಗ್ಲಿಷಿನ ಎಕ್ಸ್ ಅಲ್ಲ. ಅದು ಗ್ರೀಕ್ ವರ್ಣಮಾಲೆಯ ‘ಖಿ’. ಬೈಬಲಿನ ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ, ಮತ್ತು ಗ್ರೀಕಿನಲ್ಲಿ ‘ಖ್ರಿಸ್ತೋಸ್’ ಎಂಬ ಹೆಸರು ಆರಂಭವಾಗುವುದು ಈ ಅಕ್ಷರದಿಂದಲೇ. ಹಾಗಾಗಿ ಅಲ್ಲಿ ಕ್ರಿಸ್ತನ ಹೆಸರನ್ನು ತೆಗೆದು ಬೇರೇನನ್ನೋ ಇಟ್ಟದ್ದಲ್ಲ, ಆತನ ಹೆಸರಿನದೇ ಮೊದಲಕ್ಷರವನ್ನು ಉಳಿಸಿಕೊಂಡದ್ದು. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಇಂಗ್ಲೆಂಡಿನ ಹಳೆಯ ವೃತ್ತಾಂತದಲ್ಲಿ, ಸುಮಾರು 900 ವರ್ಷಗಳ ಹಿಂದೆಯೇ, ಹಬ್ಬದ ಹೆಸರು ಈ ಗ್ರೀಕ್ ಅಕ್ಷರದಿಂದ ಮೊದಲಾಗುವ ಸಂಕ್ಷಿಪ್ತ ರೂಪದಲ್ಲಿದೆ, ಮತ್ತು ಅದನ್ನು ಬರೆದವರು ಮಠಗಳ ಸನ್ಯಾಸಿಗಳು. ಬೀಜಗಣಿತದ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಬಳಸುವ ರೂಢಿಗೆ ದಾರಿ ಹಾಕಿದ್ದು 1637ರಲ್ಲಿ ಪ್ರಕಟವಾದ, ಫ್ರೆಂಚ್ ಗಣಿತಜ್ಞ ದೆಕಾರ್ತ್‌ನ ರೇಖಾಗಣಿತ ಗ್ರಂಥ. ಹಬ್ಬದ ಹೆಸರಿಗೆ ಈ ಅಕ್ಷರ ಸೇರಿದಾಗ ಗಣಿತಕ್ಕೆ ಅದು ಇನ್ನೂ ಸೇರಿರಲಿಲ್ಲ.

ಇದಕ್ಕಿಂತಲೂ ಹಳೆಯದಾದ ಇನ್ನೊಂದು ರೂಢಿಯಿದೆ, ಮತ್ತು ನನ್ನ ದೃಷ್ಟಿಯಲ್ಲಿ ತಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲಿ. ಆದಿ ಕ್ರೈಸ್ತರ ಗ್ರೀಕ್ ಹಸ್ತಪ್ರತಿಗಳಲ್ಲಿ ದೇವರು, ಪ್ರಭು, ಯೇಸು, ಕ್ರಿಸ್ತ ಎಂಬ ಪದಗಳನ್ನು ಸಾಮಾನ್ಯವಾಗಿ ಪೂರ್ತಿಯಾಗಿ ಬರೆಯುತ್ತಿರಲಿಲ್ಲ. ಮೊದಲ ಮತ್ತು ಕೊನೆಯ ಅಕ್ಷರಗಳನ್ನಷ್ಟೇ ಬರೆದು ಅವುಗಳ ನೆತ್ತಿಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಬೈಬಲಿನ ನಾಲ್ಕನೇ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿಯೂ ಇದನ್ನು ಕಾಣಬಹುದು. ಜಾಗ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಅವರು ಉದ್ದುದ್ದದ ಬೇರೆ ಪದಗಳನ್ನು ಬಿಟ್ಟು ನಾಲ್ಕೈದು ಅಕ್ಷರಗಳ ‘ದೇವರು’ ಎಂಬ ಪದವನ್ನೇ ಮೊಟಕು ಮಾಡುತ್ತಿರಲಿಲ್ಲ. ಓದುತ್ತ ಬಂದ ಕಣ್ಣು ಆ ಗೆರೆಯನ್ನು ಕಂಡೊಡನೆ ಇದು ಉಳಿದ ಪದಗಳಂಥದಲ್ಲ ಎಂದು ತಿಳಿಯುತ್ತಿತ್ತು; ಚಿಕ್ಕದಾಗಿ ಬರೆಯುವುದೇ ಗೌರವದ ಗುರುತಾಗಿತ್ತು.

ಆ ಪದ್ಧತಿ ಹಸ್ತಪ್ರತಿಗಳೊಂದಿಗೆ ಮುಗಿದೂ ಹೋಗಲಿಲ್ಲ. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಪೀಠದ ಹಿಂದಿನ ಶಿಲುಬೆಯನ್ನು ದಯವಿಟ್ಟು ಒಮ್ಮೆ ಗಮನಿಸಿ ನೋಡಿ. ಪ್ರಭುವಿನ ತಲೆಯ ಮೇಲ್ಗಡೆ ಬಡಿದ ಸಣ್ಣ ಹಲಗೆಯ ಮೇಲೆ ಸಾಮಾನ್ಯವಾಗಿ ಐ, ಎನ್, ಆರ್, ಐ ಎಂಬ ನಾಲ್ಕೇ ಅಕ್ಷರಗಳಿರುತ್ತವೆ. ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂಬ ಲ್ಯಾಟಿನ್ ಬರಹದ ಮೊದಲಕ್ಷರಗಳವು. ಯೇಸುವಿನ ಹೆಸರು ಅಲ್ಲಿ ಒಂದೇ ಅಕ್ಷರಕ್ಕೆ ಇಳಿದಿದೆ. ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವಿರುವ, 1605ರಲ್ಲಿ ಪ್ರತಿಷ್ಠೆಗೊಂಡ ಬೊಂ ಜೆಸು ಬೆಸಿಲಿಕಾದ ಮುಂಭಾಗದಲ್ಲಿ, ಎತ್ತರದಲ್ಲಿ, ಐ, ಎಚ್, ಎಸ್ ಎಂಬ ಮೂರು ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅವು ಗ್ರೀಕಿನಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳು. ಡಿಸೆಂಬರ್ 3ರ ಫೆಸ್ತಿಗೆ, ಅಂದರೆ ಆ ಸಂತರ ಹಬ್ಬಕ್ಕೆ, ಕಾರವಾರದಿಂದ ಅಲ್ಲಿಗೆ ಹೋಗುವವರು ಆ ಅಕ್ಷರಗಳ ಕೆಳಗಿನಿಂದಲೇ ಕೈಮುಗಿದು ಒಳಗೆ ನಡೆಯುತ್ತಾರೆ.

ಚೌತಿಯನ್ನು ಮೊಟಕು ಮಾಡುವಿರಾ ಎಂದು ಕೇಳಿದ್ದೀರಿ. ಚೌತಿ ಎಂಬುದೇ ಮೊಟಕು ಮಾಡಿದ ಹೆಸರು. ಗಣೇಶ ಚತುರ್ಥಿ ಎಂಬುದರಲ್ಲಿ ಗಣೇಶನನ್ನು ಬಿಟ್ಟು ತಿಥಿಯನ್ನಷ್ಟೇ ಉಳಿಸಿಕೊಂಡು, ಅದನ್ನೂ ಸವೆಸಿ, ಭಟ್ಕಳದಿಂದ ಸದಾಶಿವಗಡದವರೆಗೆ ಎಲ್ಲರೂ ‘ಚೌತಿಗೆ ಊರಿಗೆ ಬರ್ತೀಯಾ’ ಎಂದೇ ಕೇಳುವುದು. ಮಂಟಪದಲ್ಲಿ ಗಣಪತಿ ಕುಳಿತಿರುವಾಗ ಮಾತಿನಲ್ಲಿ ಹೆಸರು ಬಿಟ್ಟುಹೋಯಿತೆಂದು ಯಾರೂ ನೊಂದದ್ದಿಲ್ಲ. ಭಟ್ಕಳದ ಮುಸ್ಲಿಂ ಬಾಂಧವರಲ್ಲಿ ಪತ್ರದ ತಲೆಯ ಮೇಲೆ ‘ಬಿಸ್ಮಿಲ್ಲಾ’ ವಾಕ್ಯದ ಬದಲು 786 ಎಂದು ಬರೆಯುವವರಿದ್ದಾರೆ, ವಾಕ್ಯವನ್ನೇ ಬರೆಯಬೇಕು, ಅಂಕಿ ಅದಕ್ಕೆ ಸಾಟಿಯಲ್ಲ ಎನ್ನುವ ವಿದ್ವಾಂಸರೂ ಅವರಲ್ಲಿಯೇ ಇದ್ದಾರೆ. ಹೀಗೆ ಒಂದೇ ಧರ್ಮದ ಭಕ್ತರ ನಡುವೆ ಈ ವಿಷಯದಲ್ಲಿ ಎರಡು ಮಾತು ಇರುವುದು ಸಹಜ.

ಕೊಂಕಣಿ ಮಾತಾಡುವ ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಈ ಹಬ್ಬಕ್ಕೆ ಇರುವ ಹೆಸರು ನತಾಲ್. ಪೋರ್ಚುಗೀಸರಿಂದ ಬಂದ ಆ ಪದಕ್ಕೆ ಜನನ ಎಂದಷ್ಟೇ ಅರ್ಥ. ಯಾರ ಜನನ ಎಂಬುದು ಅದರಲ್ಲಿಲ್ಲ. ಆದರೂ ಗೋದಲಿ ಕಟ್ಟುವ ಮಕ್ಕಳಿಂದ ಹಿಡಿದು ನಡುರಾತ್ರಿಯ ಬಲಿಪೂಜೆಗೆ ಹೊರಟ ಅಜ್ಜಿಯವರೆಗೆ ಯಾರಿಗೂ ಆ ಬಗ್ಗೆ ಸಂಶಯ ಬಂದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಇಂಗ್ಲೆಂಡಿನ ಇತಿಹಾಸದಲ್ಲಿದೆ. ಅಲ್ಲಿನ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಥದವರಿಗೆ ಹಬ್ಬದ ಹೆಸರಿನಲ್ಲಿದ್ದ ‘ಮಾಸ್’, ಅಂದರೆ ಬಲಿಪೂಜೆ, ಸಹಿಸಲಾಗದ್ದಾಗಿತ್ತು; ಕ್ರಿಸ್ತನ ಹೆಸರನ್ನು ಪೂರ್ತಿಯಾಗಿ ಇಟ್ಟುಕೊಂಡು ಆ ಭಾಗವನ್ನು ಬಿಟ್ಟು ‘ಕ್ರೈಸ್ಟ್‌ಟೈಡ್’ ಎನ್ನುವುದು ಅವರಲ್ಲಿ ಹಲವರಿಗೆ ಒಪ್ಪಿಗೆಯಾಗಿತ್ತು. 1647ರಲ್ಲಿ ಅವರ ಪ್ರಾಬಲ್ಯದ ಸಂಸತ್ತು ಹಬ್ಬವನ್ನೇ ರದ್ದು ಮಾಡಿತು. ಹೆಸರು ಪೂರ್ತಿಯಾಗಿದ್ದ ಮಾತ್ರಕ್ಕೆ ಹಬ್ಬ ಉಳಿಯುತ್ತದೆ ಎಂಬ ನಂಬಿಕೆಗೆ ಇದು ಆಧಾರ ಕೊಡುವುದಿಲ್ಲ.

ಇಷ್ಟು ಬರೆದ ಮೇಲೂ ಶಿರಸಿಯ ಓದುಗರ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ಮೇಲಿನ ಸಮರ್ಥನೆಯೆಲ್ಲ ನಿಂತಿರುವುದು ಒಂದು ಅಕ್ಷರದ ಆಕಾರದ ಮೇಲೆ. ಕನ್ನಡ ಲಿಪಿಗೆ ಬಂದಾಗ ಆ ಆಕಾರವೇ ಇಲ್ಲವಾಗುತ್ತದೆ. ‘ಎಕ್ಸ್‌ಮಸ್’ ಎಂದು ಕನ್ನಡದಲ್ಲಿ ಬರೆದಾಗ ಗ್ರೀಕಿನ ಖಿ ಉಳಿಯುವುದಿಲ್ಲ, ಇಂಗ್ಲಿಷ್ ಅಕ್ಷರವೊಂದರ ಉಚ್ಚಾರ ಮಾತ್ರ ಉಳಿಯುತ್ತದೆ. ನಾವು ಬರೆದದ್ದನ್ನು ಬರೆದಂತೆಯೇ ಓದುವವರಾದ್ದರಿಂದ ಕ್ರಿಸ್ತನ ಹೆಸರು ಕಣ್ಣಿಗೂ ಕಿವಿಗೂ ಸಿಗುವುದಿಲ್ಲ. ಸಂಕ್ಷೇಪವಾದರೂ ಆಯಿತೇ ಎಂದರೆ ಅದೂ ಇಲ್ಲ. ಎರಡೂ ಪದಗಳನ್ನು ಅಕ್ಷರ ಬಿಡಿಸಿ ಎಣಿಸಿ ನೋಡಿ: ಕ್ರಿ, ಸ್, ಮ, ಸ್ ಎಂದು ಅಲ್ಲಿ ನಾಲ್ಕು, ಎ, ಕ್ಸ್, ಮ, ಸ್ ಎಂದು ಇಲ್ಲಿಯೂ ನಾಲ್ಕು. ಅಂಕಣದಲ್ಲಿ ಕೂದಲೆಳೆಯಷ್ಟು ಜಾಗವೂ ಉಳಿಯದ ಕಡೆ ಆ ರೂಪಕ್ಕೆ ಕನ್ನಡದಲ್ಲಿ ಯಾವ ಕೆಲಸವೂ ಇಲ್ಲ. ನಮ್ಮ ಪತ್ರಿಕೆಯ ಸ್ವಂತ ಬರಹಗಳಲ್ಲಿ ಮೊದಲಿನಿಂದಲೂ ‘ಕ್ರಿಸ್‌ಮಸ್’ ಎಂದೇ ಬರೆಯುತ್ತಿರುವುದಕ್ಕೆ ಕಾರಣ ಇದು.

ಅಂಗಡಿಗಳ ‘ಎಕ್ಸ್‌ಮಸ್ ಆಫರ್’ ಫಲಕಗಳ ಬಗ್ಗೆ ತಾವು ಪತ್ರದ ಕೊನೆಯಲ್ಲಿ ಬರೆದ ನೋವು ನನ್ನದೂ ಹೌದು. ಆದರೆ ಅಲ್ಲಿ ನೋಯಿಸುವುದು ಕಾಗುಣಿತವಲ್ಲ, ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹಬ್ಬ ಮಾರಾಟದ ಹಂಗಾಮಾಗಿ ಬದಲಾದದ್ದು. ಅದೇ ಫಲಕದ ಮೇಲೆ ‘ಕ್ರಿಸ್‌ಮಸ್ ಧಮಾಕಾ’ ಎಂದು ಪೂರ್ತಿ ಬರೆಸಿದ್ದರೆ ತಮಗೆ ಸಮಾಧಾನವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ಇತರರ ಬರಹವನ್ನು ತಿದ್ದಬೇಕೆಂಬ ಬೇಡಿಕೆ. ಆ ಪ್ರಕಟಣೆಯನ್ನು ಬರೆದವರು ಹಬ್ಬವನ್ನು ತಮ್ಮದೆಂದು ಆಚರಿಸುವ, ವಾರಗಟ್ಟಲೆ ಸಂಜೆ ಹೊತ್ತು ಇಗರ್ಜಿಯಲ್ಲಿ ಕುಳಿತು ಗೀತೆಗಳ ಅಭ್ಯಾಸ ಮಾಡಿದ ಯುವಕ ಯುವತಿಯರು. ಅವರು ತಮ್ಮ ಹಬ್ಬವನ್ನು ಕರೆದ ಹೆಸರನ್ನು ನಾನು ಕಚೇರಿಯಲ್ಲಿ ಕುಳಿತು ಹೊಡೆದುಹಾಕಿದರೆ, ಅವರ ಭಕ್ತಿಯ ಬಗ್ಗೆ ನಾನೇ ತೀರ್ಪು ಕೊಟ್ಟಂತಾಗುತ್ತದೆ. ಆ ಅಧಿಕಾರ ಪತ್ರಿಕೆಗೆ ಇಲ್ಲ. ಓದುಗರು ಕಳುಹಿಸುವ ಪ್ರಕಟಣೆ ಮತ್ತು ಪತ್ರಗಳಲ್ಲಿ ಅವರು ಬಳಸಿದ ಹೆಸರನ್ನೇ ಇನ್ನು ಮುಂದೆಯೂ ಅಚ್ಚು ಮಾಡುತ್ತೇವೆ. ನಮ್ಮ ಬರಹಗಳಲ್ಲಿ ಕ್ರಿಸ್‌ಮಸ್ ಎಂದೂ, ಕೊಂಕಣಿ ಮನೆಗಳ ಮಾತು ಬಂದಲ್ಲಿ ನತಾಲ್ ಎಂದೂ ಬರೆಯುತ್ತೇವೆ. ತಮ್ಮ ಪತ್ರವನ್ನೂ ಶಿರಸಿಯ ಪತ್ರವನ್ನೂ ಒಂದಕ್ಷರ ಬಿಡದೆ ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದು, ಆ ಯುವಕರಿಗೂ ಒಂದು ಪ್ರತಿ ಕಳುಹಿಸಿದ್ದೇನೆ. ಅವರು ಉತ್ತರ ಬರೆದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇನೆ.

— ಸಂಪಾದಕ