ಸಿಸ್ಟ್ ಇದೆ ಅಂದರೆ ಆಪರೇಷನ್ ಆಗಲೇಬೇಕಾ?

ಪ್ರಶ್ನೆ: ಮಗಳಿಗೆ 23 ವರ್ಷ. ಮಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿದ್ದಾಳೆ. ಹೋದ ತಿಂಗಳು ಬಲಬದಿಯ ಕಿಬ್ಬೊಟ್ಟೆಯಲ್ಲಿ ನೋವು ಬಂತು. ಸ್ಕ್ಯಾನ್ ಮಾಡಿಸಿದಾಗ ಬಲ ಓವರಿಯಲ್ಲಿ 4.5 ಸೆಂ.ಮೀ. ಹೆಮರೇಜಿಕ್ ಸಿಸ್ಟ್ ಇದೆ ಎಂದರು. ಡಾಕ್ಟರು ನೋವಿನ ಮಾತ್ರೆ ಕೊಟ್ಟು, ಎರಡು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಈಗ ನೋವಿಲ್ಲ. ಆದರೆ ಮನೆಯವರು, ‘ಮದುವೆಗೆ ಮೊದಲೇ ತೆಗೆಸಿಬಿಡಿ, ಇಲ್ಲದಿದ್ದರೆ ಮಕ್ಕಳಾಗುವುದು ಕಷ್ಟ’ ಎನ್ನುತ್ತಾರೆ.
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಈಗ ತೆಗೆಸುವುದು ಬೇಡ, ಕಾಯಿರಿ.

ಹೆಮರೇಜ್ ಎಂಬ ಶಬ್ದ ಓದಿದ ಕೂಡಲೇ ಎಲ್ಲರಿಗೂ ಬ್ರೈನ್ ಹೆಮರೇಜ್ ನೆನಪಾಗುತ್ತದೆ. ಇದು ಅಂಥದ್ದಲ್ಲ. ಪ್ರತಿ ತಿಂಗಳೂ ಓವರಿಯಲ್ಲಿ ಒಂದು ಸಣ್ಣ ನೀರುಗುಳ್ಳೆ ಬೆಳೆಯುತ್ತದೆ. ಅದರೊಳಗೆ ಅಂಡಾಣು ಇರುತ್ತದೆ. ಗುಳ್ಳೆ ಸುಮಾರು 2 ಸೆಂ.ಮೀ. ಆದಾಗ ಒಡೆದು ಅಂಡಾಣು ಹೊರಗೆ ಬರುತ್ತದೆ. ಕೆಲವು ತಿಂಗಳು ಗುಳ್ಳೆ ಒಡೆಯದೆ ಹಾಗೇ ದೊಡ್ಡದಾಗುತ್ತದೆ. ಅದು ಫಾಲಿಕ್ಯುಲರ್ ಸಿಸ್ಟ್. ಇನ್ನು ಕೆಲವು ಸಲ, ಒಡೆದು ಮುಚ್ಚಿಕೊಂಡ ಜಾಗದೊಳಗೆ ಸ್ವಲ್ಪ ರಕ್ತ ತುಂಬಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಆಗಿರುವುದು ಅದೇ. ಪಿಜಿಯ ಊಟದಿಂದಲೂ ಅಲ್ಲ, ಸ್ಕೂಟಿ ಓಡಿಸಿದ್ದರಿಂದಲೂ ಅಲ್ಲ, ‘ಉಷ್ಣ’ದಿಂದಲೂ ಅಲ್ಲ.

ಸ್ಕ್ಯಾನ್ ಪರದೆಯ ಮೇಲೆ ಈ ಸಿಸ್ಟ್ ನೋಡಬೇಕು ನೀವು. ಹೆಪ್ಪುಗಟ್ಟಿದ ರಕ್ತದ ಎಳೆಗಳು ಮಲ್ಪೆಯಲ್ಲಿ ಒಣಹಾಕಿದ ಬಲೆಯ ಹಾಗೆ ಕಾಣುತ್ತವೆ. ಎರಡು ಮೂರು ತಿಂಗಳ ನಂತರ ನೋಡಿದರೆ ಹೆಚ್ಚಿನವರಲ್ಲಿ ಬಲೆಯೂ ಇಲ್ಲ, ಗುಳ್ಳೆಯೂ ಇಲ್ಲ. ಮುಂದಿನ ಸ್ಕ್ಯಾನನ್ನು ಮುಟ್ಟು ಶುರುವಾದ 5ರಿಂದ 10ನೇ ದಿನದೊಳಗೆ ಮಾಡಿಸಿ. ತಡವಾದರೆ ಆ ತಿಂಗಳ ಹೊಸ ಗುಳ್ಳೆ ಕಾಣಿಸಿಕೊಂಡು ಸುಮ್ನೆ ಗೊಂದಲ. ಮದುವೆಯಾಗದವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ಬಾಟಲಿ ನೀರು ಕುಡಿದು, ಮೂತ್ರ ತಡೆದುಕೊಂಡು ಬೆಂಚಿನಲ್ಲಿ ಕೂರುವ ಆ ಅರ್ಧ ಗಂಟೆಯೇ ಜಾಸ್ತಿ ಕಷ್ಟ!

‘ಸಿಸ್ಟ್ ಕರಗಿಸುವ ಮಾತ್ರೆ ಇದೆಯಂತೆ’ ಎಂದು ಯಾರಾದರೂ ಹೇಳಬಹುದು. ಗರ್ಭನಿರೋಧಕ ಮಾತ್ರೆ ಹೊಸ ಸಿಸ್ಟ್ ಆಗುವುದನ್ನು ಕಡಿಮೆ ಮಾಡುತ್ತದೆ. ಈಗಾಗಲೇ ಇರುವುದನ್ನು ಬೇಗ ಕರಗಿಸುವುದಿಲ್ಲ.

ಮದುವೆಯ ವಿಷಯಕ್ಕೆ ಬಂದರೆ, ಮನೆಯವರ ಲೆಕ್ಕ ಉಲ್ಟಾ ಆಗಿದೆ. ಈ ಸಿಸ್ಟಿನಿಂದ ಮಕ್ಕಳಾಗಲು ತೊಂದರೆಯಿಲ್ಲ. ತಾನಾಗಿ ಹೋಗುವ ಸಿಸ್ಟಿಗೆ ಆಪರೇಷನ್ ಮಾಡಿಸಿದರೆ ಅದರ ಜೊತೆ ಒಳ್ಳೆಯ ಓವರಿಯ ಭಾಗವೂ ಸ್ವಲ್ಪ ಹೋಗುತ್ತದೆ. ಅದು ನಷ್ಟ ಅಲ್ವಾ?

ಮೂರು ತಿಂಗಳಾದರೂ ಹೋಗದಿದ್ದರೆ ಬೇರೆ ಜಾತಿಯದ್ದಿರಬಹುದು. ಹುಡುಗಿಯರಲ್ಲಿ ಆಗಾಗ ಸಿಗುವುದು ಡರ್ಮಾಯ್ಡ್. ಅದರೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ದೇಹದ ಬಿಸಿಗೆ ಎಣ್ಣೆಯಂತಿದ್ದದ್ದು ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಚಳಿಗಾಲದ ತೆಂಗಿನೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಒಮ್ಮೆ ಹೀಗೆ ತೆಗೆದ ಕೂದಲಿನ ಉಂಡೆ ತೋರಿಸಿದಾಗ ಹುಡುಗಿಯ ಅಜ್ಜಿ, ‘ಯಾರೋ ಮಾಟ ಮಾಡಿದ್ದಾರೆ’ ಎಂದು ಹೊರಟೇಬಿಟ್ಟರು. ಮಾಟ ಅಲ್ಲ ಅಜ್ಜಿ, ಅಂಡಾಣು ಆಗುವ ಕೋಶಕ್ಕೆ ಚರ್ಮ, ಕೂದಲು, ಹಲ್ಲು ಎಲ್ಲವನ್ನೂ ಮಾಡುವ ಶಕ್ತಿ ಇದೆ, ಅದು ಒಂಟಿಯಾಗಿ ಕೆಲಸ ಶುರು ಮಾಡಿದ್ದು ಅಷ್ಟೇ ಎಂದು ಕೂರಿಸಿ ಹೇಳಬೇಕಾಯಿತು. ಡರ್ಮಾಯ್ಡ್ ಕರಗುವುದಿಲ್ಲ, ನಿಧಾನಕ್ಕೆ ಬೆಳೆಯುತ್ತದೆ. ದೊಡ್ಡದಾದರೆ ಲ್ಯಾಪ್ರೋಸ್ಕೋಪಿಯಲ್ಲಿ ಸಿಸ್ಟ್ ಮಾತ್ರ ತೆಗೆದು ಓವರಿ ಉಳಿಸುತ್ತಾರೆ. ಸಿಸ್ಟಡಿನೋಮಾ ಎಂಬ ಇನ್ನೊಂದು ಬಗೆಯೂ ಹಾಗೆಯೇ ಉಳಿಯುವಂಥದ್ದು. ಪಿಸಿಒಡಿ ಬೇರೆಯೇ ಕಥೆ. ಅಲ್ಲಿರುವುದು ನಿಜವಾದ ಸಿಸ್ಟ್‌ಗಳಲ್ಲ, ಪೂರ್ತಿ ಬೆಳೆಯದೆ ನಿಂತ ಸಣ್ಣ ಗುಳ್ಳೆಗಳು.

ಮಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿಡಿ. ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ ಓವರಿ ತಿರುಚಿಕೊಂಡಿರಬಹುದು. ತಲೆ ತಿರುಗಿ ಬೀಳುವಂತಾದರೆ ಒಳಗೆ ರಕ್ತ ಸೋರುತ್ತಿರಬಹುದು. ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದು ಮಲಗಬಾರದು, ಊರಿನ ಬಸ್ಸು ಹತ್ತಲೂಬಾರದು. ರಾತ್ರಿಯಾದರೂ ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಬೇಗ ಹೋದರೆ ತಿರುಚಿದ್ದನ್ನು ಬಿಡಿಸಿ ಓವರಿ ಉಳಿಸಬಹುದು.

ಪ್ರಶ್ನೆ: ನನಗೆ 33. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಎಡಬದಿಯಲ್ಲಿ 4 ಸೆಂ.ಮೀ. ಚಾಕೊಲೇಟ್ ಸಿಸ್ಟ್ ಇದೆ. ಮುಟ್ಟಿನ ನೋವು ವಿಪರೀತ. ಒಬ್ಬ ಡಾಕ್ಟರು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ನೇರವಾಗಿ ಐವಿಎಫ್ ಅನ್ನುತ್ತಾರೆ. ಯಾರನ್ನು ನಂಬಲಿ?
– ಸುರತ್ಕಲ್

ಉತ್ತರ: ಇಬ್ಬರನ್ನೂ. ಒಬ್ಬರು ನಿಮ್ಮ ನೋವಿಗೆ ಉತ್ತರ ಕೊಟ್ಟಿದ್ದಾರೆ, ಇನ್ನೊಬ್ಬರು ಮಗುವಿನ ಪ್ರಶ್ನೆಗೆ.

ಇದು ಎಂಡೊಮೆಟ್ರಿಯೋಸಿಸ್ ತೊಂದರೆ. ಗರ್ಭಕೋಶದ ಒಳಪದರದಂಥದ್ದೇ ಪದರ ಓವರಿಯಲ್ಲಿ ಬೆಳೆದು, ತಿಂಗಳು ತಿಂಗಳೂ ಅಲ್ಲೇ ರಕ್ತ ಸುರಿಸುತ್ತದೆ. ಹಳೇ ರಕ್ತ ಕಪ್ಪಾಗಿ ಮಂದವಾಗುವುದರಿಂದ ಆ ಹೆಸರು. ಡೈನೋಜೆಸ್ಟ್‌ನಂಥ ಮಾತ್ರೆ ನೋವು ಇಳಿಸುತ್ತದೆ, ಸಿಸ್ಟನ್ನೂ ಸ್ವಲ್ಪ ಕುಗ್ಗಿಸುತ್ತದೆ. ಆದರೆ ಮಗು ಬೇಕು ಎನ್ನುವವರು ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಆಪರೇಷನ್ನಿನಿಂದ ನೋವು ಕಡಿಮೆಯಾಗುತ್ತದೆ. ಆದರೆ ಉಳಿದಿರುವ ಅಂಡಾಣುಗಳಲ್ಲಿ ಒಂದಿಷ್ಟು ಹೋಗುತ್ತವೆ. ಸೂಜಿಯಿಂದ ಬರೀ ರಕ್ತ ಹೀರಿ ತೆಗೆದರೆ ಮತ್ತೆ ತುಂಬಿಕೊಳ್ಳುವುದೇ ಜಾಸ್ತಿ.

ಹಾಗಾಗಿ ಮೊದಲು ನಿಮ್ಮ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ. ಓವರಿಯಲ್ಲಿ ಅಂಡಾಣುಗಳ ದಾಸ್ತಾನು ಎಷ್ಟು ಉಳಿದಿದೆ ಎಂದು ಅಂದಾಜು ಕೊಡುವುದು ಅದೇ. ನಿಮ್ಮ ಯಜಮಾನರ ವೀರ್ಯಪರೀಕ್ಷೆಯೂ ಆಗಲಿ. ಹೆಂಡತಿಗೆ ಹತ್ತು ಸ್ಕ್ಯಾನ್ ಆಗಿರುತ್ತದೆ, ಗಂಡನಿಗೆ ಒಂದು ಪರೀಕ್ಷೆಯೂ ಆಗಿರುವುದಿಲ್ಲ. ಇದು ನಾನು ವಾರಕ್ಕೊಮ್ಮೆಯಾದರೂ ನೋಡುವ ಸಂಗತಿ. ಎಎಂಎಚ್ ಕಡಿಮೆ ಇದ್ದರೆ ಓವರಿಗೆ ಕತ್ತರಿ ಹಾಕುವ ಮೊದಲು ಐವಿಎಫ್ ಕಡೆ ಯೋಚಿಸುವುದು ಮೇಲು. ಎಎಂಎಚ್ ಚೆನ್ನಾಗಿದ್ದು, ನೋವು ಬದುಕನ್ನೇ ಕೆಡಿಸುತ್ತಿದೆ ಅಂದರೆ ಆಪರೇಷನ್ನಿಗೆ ಅರ್ಥವಿದೆ.

ಪ್ರಶ್ನೆ: ವಯಸ್ಸು 58. ಮುಟ್ಟು ನಿಂತು ಎಂಟು ವರ್ಷ. ಪಿತ್ತಕೋಶದ ಕಲ್ಲಿಗೆಂದು ಸ್ಕ್ಯಾನ್ ಮಾಡಿದಾಗ ಓವರಿಯಲ್ಲಿ 3 ಸೆಂ.ಮೀ. ಸಿಂಪಲ್ ಸಿಸ್ಟ್ ಕಂಡಿದೆ. ಸೊಸೆಗೆ ಇಷ್ಟೇ ದೊಡ್ಡದು ತಾನಾಗಿ ಹೋಗಿತ್ತು. ನಾನೂ ಸುಮ್ಮನಿರಬಹುದಾ?
– ಕುಂದಾಪುರ

ಉತ್ತರ: ಹೆದರುವುದು ಬೇಡ, ಆದರೆ ಸೊಸೆಯ ಲೆಕ್ಕ ನಿಮಗೆ ಹಾಕಬೇಡಿ. ನಿಮ್ಮ ಓವರಿಗೆ ಈಗ ತಿಂಗಳ ಕೆಲಸವಿಲ್ಲ. ಹಾಗಾಗಿ ಸಣ್ಣದಾದರೂ ಒಮ್ಮೆ ವಿಚಾರಿಸಲೇಬೇಕು. ಓವರಿ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ರಕ್ತಪರೀಕ್ಷೆ ಮಾಡಿಸಿ. ಚಿಕ್ಕ ವಯಸ್ಸಿನವರಲ್ಲಿ ಮುಟ್ಟಿನ ಸಮಯದಲ್ಲೂ, ಚಾಕೊಲೇಟ್ ಸಿಸ್ಟ್ ಇದ್ದಾಗಲೂ ಅದು ಏರಿ ಹೆದರಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಅದರ ಮಾತಿಗೆ ಬೆಲೆ ಜಾಸ್ತಿ. ಅದು ಸರಿಯಿದ್ದು, ಸಿಸ್ಟ್ ತೆಳು ಗೋಡೆಯದ್ದು, ಒಳಗೆ ತಿಳಿನೀರು ಮಾತ್ರ ಅಂದರೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡಿದರೆ ಸಾಕು. ಸಿಎ-125 ಏರಿದ್ದರೆ, ಇಲ್ಲವೇ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಸಾಲಿಡ್’ (ಗಟ್ಟಿ ಭಾಗ) ಎಂದೋ, ಹೊಟ್ಟೆಯಲ್ಲಿ ನೀರಿದೆ ಎಂದೋ ಬಂದರೆ ಕ್ಯಾನ್ಸರ್ ತಜ್ಞರಿಗೆ ತೋರಿಸಬೇಕು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ವಾರಗಟ್ಟಲೆ ಇದ್ದರೆ ಮುಂದಿನ ಸ್ಕ್ಯಾನಿನ ತನಕ ಕಾಯಬೇಡಿ. ತಾಯಿಗೆ, ಅಕ್ಕತಂಗಿಯರಿಗೆ ಓವರಿ ಅಥವಾ ಸ್ತನದ ಕ್ಯಾನ್ಸರ್ ಆಗಿದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಮೊದಲು ಹೇಳಿ.